ಗಣಕದ ಆಟ ತಡವರಿಸುವುದೇಕೆ?

ಲೋಲಕದ ಆವರ್ತಕಾಲವನ್ನು ಅಳೆಯಲು ಪ್ರಯೋಗಶಾಲೆಗೆ ಬರುವ ವಿದ್ಯಾರ್ಥಿಗಳು ಬಿಡುವು ದೊರೆತೊಡನೆ ತಮ್ಮೊಳಗೆ ಚರ್ಚಿಸುವ ವಿಷಯ ಲೋಲಕವಲ್ಲವೆಂಬುದನ್ನು ಅಧ್ಯಾಪಕರಾದ ನಾವು ಚೆನ್ನಾಗಿ ಬಲ್ಲೆವು. ‘ಲ್ಯಾಗ್ ಆಗುತ್ತಿದೆ’ ಎಂಬ ದೂರು ಮದ್ದೂರಿನಂತಹ ಊರಿನಲ್ಲಿಯೂ ಈಗ ದಿನಕ್ಕೆ ಹತ್ತು ಬಾರಿ ಕಿವಿಗೆ ಬೀಳುತ್ತದೆ. ಗಣಕಯಂತ್ರದ ಆಟವು ಓಡುತ್ತ ಓಡುತ್ತ ಹಠಾತ್ತನೆ ನಿಂತು, ಅರೆಕ್ಷಣ ಕಲ್ಲಾಗಿ, ಮತ್ತೆ ಮುಂದಕ್ಕೆ ಜಿಗಿಯುವುದಕ್ಕೆ ಅವರು ಹೇಳುವ ಹೆಸರು ಅದು. ಆಜ್ಞೆ ಕೊಟ್ಟ ಕ್ಷಣಕ್ಕೂ ಅದರ ಫಲ ಕಣ್ಣಿಗೆ ಕಾಣುವ ಕ್ಷಣಕ್ಕೂ ನಡುವೆ ಬೀಳುವ ಅಂತರವೆಂದು ಅದನ್ನು ವಿವರಿಸಬಹುದು.

ಈ ವ್ಯಾಧಿಗೆ ಎರಡು ಔಷಧಗಳು ಪ್ರಚಾರದಲ್ಲಿವೆ. ಆಟಕ್ಕೆ ಮೀಸಲಾದ ಸ್ಮೃತಿಕೋಶವನ್ನು, ಎಂದರೆ ಎಲ್ಲರೂ ರ‍್ಯಾಮ್ ಎಂದು ಕರೆಯುವ ಮೆಮೊರಿಯ ಪಾಲನ್ನು, ಸಾಧ್ಯವಾದಷ್ಟೂ ಹೆಚ್ಚಿಸುವುದು ಒಂದು; ಹೊಸ ಗಣಕವನ್ನೇ ಕೊಳ್ಳುವುದು ಮತ್ತೊಂದು. ಮೊದಲನೆಯದು ಎಷ್ಟೋ ವೇಳೆ ರೋಗವನ್ನು ಉಲ್ಬಣಗೊಳಿಸುತ್ತದೆ. ಎರಡನೆಯದು, ಕಬ್ಬಿನ ಹಣ ಕೈಗೆ ಬಂದ ಮೇಲೆ ಮಕ್ಕಳ ಓದಿಗೆಂದು ಒಂದು ಲ್ಯಾಪ್‌ಟಾಪನ್ನು ತಂದಿಟ್ಟಿರುವ ಮನೆಯಲ್ಲಿ ಆಡತಕ್ಕ ಮಾತೇ ಅಲ್ಲ. ಈ ಎರಡಕ್ಕೂ ಮೊದಲು ಕಾರಣವನ್ನು ಅಳೆದು ತಿಳಿಯುವ ಮಾರ್ಗವೊಂದುಂಟು. ಆಟದ ಮಾತೆಂದು ಹಿರಿಯರು ಮೂಗು ಮುರಿಯಬೇಕಾದುದಿಲ್ಲ. ಇಲ್ಲಿ ಕಾಣುವ ಸಂಗತಿಗಳೇ ಬ್ಯಾಂಕಿನ ಗಣಕದಲ್ಲಿಯೂ ರೈಲ್ವೆ ಟಿಕೆಟಿನ ಗಣಕದಲ್ಲಿಯೂ ನಡೆಯುತ್ತವೆ, ಅಲ್ಲಿ ಅವನ್ನು ನೋಡಲು ನಮ್ಮನ್ನು ಬಿಡುವುದಿಲ್ಲ ಅಷ್ಟೆ.

ನಮ್ಮ ವಿದ್ಯಾರ್ಥಿಗಳು ಹೆಚ್ಚಾಗಿ ಆಡುವ ಆಟದ ಹೆಸರು ಮೈನ್‌ಕ್ರಾಫ್ಟ್. ಸ್ವೀಡನ್ ದೇಶದ ಮಾರ್ಕುಸ್ ಪೆರ್ಸನ್ ಅದನ್ನು ಮೊದಲು ಹೊರತಂದುದು 2009ರಲ್ಲಿ. ಪೂರ್ಣರೂಪ ಪ್ರಕಟವಾದುದು 2011ರ ನವೆಂಬರ್ 18ರಂದು. ಅದರಲ್ಲಿ ಬೆಟ್ಟ, ಕಾಡು, ನದಿ, ಮನೆ ಎಲ್ಲವೂ ಒಂದು ಮೀಟರ್ ಅಂಚಿನ ಘನಾಕೃತಿಯ ಕಲ್ಲುಗಳಿಂದ ಆದವು. ಯಾವ ಕಲ್ಲನ್ನಾದರೂ ಕಿತ್ತು ಎಲ್ಲಿಯಾದರೂ ಇಡಬಹುದು; ಆಟವೆಂದರೆ ಮುಖ್ಯವಾಗಿ ಇಷ್ಟೆ. ಈ ಆಟಕ್ಕೆ ಅನ್ಯರು ಬರೆದು ಸೇರಿಸುವ ಹೊಸ ಭಾಗಗಳಿಗೆ ‘ಮಾಡ್’ ಎಂದು ಹೆಸರು. ಕನ್ನಡದ ‘ಮಾಡು’ ಧಾತುವಿಗೂ ಇದಕ್ಕೂ ನಂಟಿಲ್ಲ. ಮಾರ್ಪಾಡೆಂಬ ಅರ್ಥದ ಇಂಗ್ಲಿಷ್ ಪದವೊಂದರ ಮೊಟಕು ರೂಪವಿದು. ಹೊಸ ಪ್ರಾಣಿಗಳು, ಹೊಸ ಯಂತ್ರಗಳು, ಹೊಸ ಲೋಕಗಳು ಹೀಗೆ ಬಂದು ಸೇರುತ್ತವೆ. ಒಬ್ಬೊಬ್ಬ ಬಾಲಕನ ಗಣಕದಲ್ಲಿ ಇನ್ನೂರು ಮಾಡ್‌ಗಳಿರುವುದು ಸಾಮಾನ್ಯ. ಅವನ್ನು ಬರೆದವರು ಬೇರೆ ಬೇರೆ ದೇಶದವರು, ಒಬ್ಬರ ಮುಖವನ್ನು ಒಬ್ಬರು ಕಂಡವರಲ್ಲ. ಇನ್ನೂರು ಮಂದಿ ಅಡಿಗೆಯವರು ಒಂದೇ ಒಲೆಯ ಮೇಲೆ ಪಾತ್ರೆಯಿಟ್ಟರೆ ಆಗುವುದೇ ಇಲ್ಲಿಯೂ ಆಗುತ್ತದೆ.

ಈ ಆಟದ ಲೋಕಕ್ಕೆ ಒಂದು ಗಡಿಯಾರವಿದೆ. ಅದು ಒಂದು ಸೆಕೆಂಡಿಗೆ 20 ಬಾರಿ ‘ಟಿಕ್’ ಎನ್ನುತ್ತದೆ. ಪ್ರತಿಯೊಂದು ಟಿಕ್ಕಿನಲ್ಲಿಯೂ ಲೋಕದ ವ್ಯವಹಾರವೆಲ್ಲ ಒಂದು ಹೆಜ್ಜೆ ಮುಂದುವರಿಯಬೇಕು: ಹಸು ಒಂದಡಿ ನಡೆಯಬೇಕು, ಬೆಳೆ ಬೆಳೆಯಬೇಕು, ನೀರು ಹರಿಯಬೇಕು, ಒಲೆಯಲ್ಲಿಟ್ಟ ಅದಿರು ಕರಗಬೇಕು. ಇದೆಲ್ಲಕ್ಕೂ ಸಿಗುವ ಕಾಲ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ, ಅಂದರೆ 50 ಮಿಲಿಸೆಕೆಂಡುಗಳು. ಕೆಲಸವು 40 ಮಿಲಿಸೆಕೆಂಡುಗಳಲ್ಲಿ ಮುಗಿದರೆ ಉಳಿದ ಹತ್ತರಲ್ಲಿ ಯಂತ್ರ ವಿಶ್ರಮಿಸುತ್ತದೆ. 80 ಹಿಡಿದರೆ? ಆಗ ಸೆಕೆಂಡಿಗೆ ಹನ್ನೆರಡೂವರೆ ಟಿಕ್ಕುಗಳು ಮಾತ್ರ ನಡೆದಾವು, ಲೋಕವೇ ನಿಧಾನವಾಗುತ್ತದೆ. ಒಡೆದ ಕಲ್ಲು ಮತ್ತೆ ಪ್ರತ್ಯಕ್ಷವಾಗುವುದು, ಪ್ರಾಣಿಗಳು ನಿಂತು ನಿಂತು ಜಾರುವುದು, ತೆರೆದ ಪೆಟ್ಟಿಗೆ ತಡವಾಗಿ ತೆರೆಯುವುದು, ಇವೆಲ್ಲ ಅದರ ಲಕ್ಷಣಗಳು.

ಇದನ್ನು ಅಳೆಯಲು ಯಾವ ಉಪಕರಣವೂ ಬೇಡವೆಂಬುದು ಪದಾರ್ಥವಿಜ್ಞಾನದ ವಿದ್ಯಾರ್ಥಿಗಳಿಗೆ ಹರ್ಷವನ್ನುಂಟುಮಾಡತಕ್ಕ ಸಂಗತಿ. ಆಟದ ಲೋಕದಲ್ಲಿ ಒಂದು ಹಗಲು ಮತ್ತು ಒಂದು ರಾತ್ರಿ ಕೂಡಿ 24,000 ಟಿಕ್ಕುಗಳು. ಸರಿಯಾಗಿ ನಡೆದರೆ 20 ನಿಮಿಷಗಳು. ಒಂದು ಸೂರ್ಯೋದಯದಿಂದ ಮರುದಿನದ ಸೂರ್ಯೋದಯದವರೆಗೆ, ನಡುವೆ ನಿದ್ರೆ ಮಾಡದೆ, ಕೈಗಡಿಯಾರ ಹಿಡಿದು ಕಾಲವನ್ನು ಅಳೆಯಿರಿ. 20 ನಿಮಿಷಗಳು ಬಂದರೆ ಲೋಕದ ಗಡಿಯಾರ ನೆಟ್ಟಗಿದೆ. 25 ನಿಮಿಷಗಳು ಬಂದರೆ ಸರಾಸರಿ ಒಂದು ಟಿಕ್ಕಿಗೆ 62.5 ಮಿಲಿಸೆಕೆಂಡುಗಳು ಹಿಡಿದಿವೆ. ಲೋಲಕದ ಪ್ರಯೋಗಕ್ಕಿಂತ ಇದು ಸುಲಭ, ಮತ್ತು ಇದನ್ನು ಮಾಡಲು ಯಾರೂ ಬೇಸರಪಡುವುದಿಲ್ಲ.

ಲೋಕ ನಡೆಯುವುದು ಬೇರೆ, ಅದರ ಚಿತ್ರವನ್ನು ತೆರೆಯ ಮೇಲೆ ಬರೆಯುವುದು ಬೇರೆ. ಚಿತ್ರ ಬರೆಯುವ ಕಾರ್ಯಕ್ಕೆ ತನ್ನದೇ ಲೆಕ್ಕವಿದೆ. ಸೆಕೆಂಡಿಗೆ 60 ಚಿತ್ರಗಳು ಬೇಕೆಂದರೆ ಒಂದೊಂದಕ್ಕೂ ಹದಿನಾರೂಮುಕ್ಕಾಲು ಮಿಲಿಸೆಕೆಂಡಿಗಿಂತ ಹೆಚ್ಚು ಕಾಲವಿಲ್ಲ. ಮುಖ ತಿರುಗಿಸಿದಾಗ ದೃಶ್ಯ ತಡವರಿಸಿದರೂ ಹಸುಗಳು ಸಹಜವಾಗಿ ನಡೆಯುತ್ತಿದ್ದರೆ ದೋಷವಿರುವುದು ಚಿತ್ರಭಾಗದಲ್ಲಿ. ದೃಶ್ಯ ನುಣುಪಾಗಿದ್ದು ಹಸುಗಳು ಮಾತ್ರ ತಡವರಿಸಿದರೆ ದೋಷವಿರುವುದು ಟಿಕ್ಕಿನಲ್ಲಿ. ಎರಡೂ ಒಟ್ಟಿಗೆ, ಆಗಿಂದಾಗ್ಗೆ ಸಮಾನ ಅಂತರದಲ್ಲಿ, ಕ್ಷಣಕಾಲ ಸ್ತಂಭಿಸಿದರೆ ಸ್ಮೃತಿಕೋಶವನ್ನು ಶಂಕಿಸಬೇಕು. ದೂರದ ಮಿತ್ರನ ಗಣಕಕ್ಕೆ ತಂತಿಯ ಮೂಲಕ ಸೇರಿ ಆಡುವಾಗ ಇನ್ನೊಂದು ಬಗೆಯ ವಿಳಂಬವೂ ಉಂಟು. ಅದು ದಾರಿಯ ದೋಷವೇ ಹೊರತು ಯಂತ್ರದ್ದಲ್ಲ. 2012ರಿಂದೀಚೆಗೆ ಒಬ್ಬರೇ ಕುಳಿತು ಆಡುವಾಗಲೂ ಲೋಕವನ್ನು ನಡೆಸುವ ಭಾಗ ಮತ್ತು ಚಿತ್ರವನ್ನು ಬರೆಯುವ ಭಾಗ ಒಂದೇ ಗಣಕದೊಳಗೆ ಬೇರೆ ಬೇರೆಯಾಗಿ ಓಡುತ್ತವೆ. ಲಕ್ಷಣಗಳು ಇಷ್ಟು ಸ್ಪಷ್ಟವಾಗಿ ಬೇರ್ಪಡುವುದು ಇದರಿಂದಲೇ.

‘ನಮ್ಮ ಪ್ರೊಸೆಸರಿನಲ್ಲಿ ಎಂಟು ತಿರುಳುಗಳಿವೆ, ಆದರೂ ಏಕೆ ನಿಧಾನ?’ ಎಂದು ಕೇಳುವವರುಂಟು. ಕಬ್ಬು ಅರೆಯುವ ಕಾಲದಲ್ಲಿ ಕೊಪ್ಪದ ಕಡೆಗಾಗಲಿ ಕೆ.ಎಂ. ದೊಡ್ಡಿಯ ಕಡೆಗಾಗಲಿ ಹೋದವರು ಕಾರ್ಖಾನೆಯ ಮುಂದೆ ಗಾಡಿ ಲಾರಿಗಳ ಸಾಲನ್ನು ಕಂಡಿರಬಹುದು. ಗಾಡಿ ನಿಲ್ಲಿಸುವ ಬಯಲನ್ನು ಎರಡರಷ್ಟು ವಿಸ್ತರಿಸಿದರೆ ಕಬ್ಬು ಬೇಗ ಅರೆದೀತೇ? ಇಲ್ಲ, ಬೇಗ ಅರೆಯಬೇಕಾದರೆ ಅರೆಯುವ ಯಂತ್ರದ ವೇಗ ಹೆಚ್ಚಬೇಕು. ಆಟದಲ್ಲಿ ಸ್ಮೃತಿಕೋಶವು ಬಯಲಿನಂತೆ, ಪ್ರೊಸೆಸರಿನ ತಿರುಳು ಅರೆಯುವ ಯಂತ್ರದಂತೆ. ತಿರುಳುಗಳು ಎಂಟಿದ್ದರೂ ಟಿಕ್ಕಿನ ಕೆಲಸದ ಬಹುಪಾಲು ಒಂದೇ ತಿರುಳಿನಲ್ಲಿ ನಡೆಯುತ್ತದೆ, ಏಕೆಂದರೆ ಒಂದು ಕಾರ್ಯದ ಫಲ ಮತ್ತೊಂದಕ್ಕೆ ಬೇಕು: ನೀರು ಎಲ್ಲಿಗೆ ಹರಿಯಿತೆಂದು ಗೊತ್ತಾಗದೆ ಅದರಲ್ಲಿ ಹಸು ತೇಲಿತೇ ಇಲ್ಲವೇ ಎಂದು ಹೇಳಲಾಗದು.

ಯಂತ್ರವನ್ನು ಬದಲಿಸದೆ ಅದೇ ಕೆಲಸವನ್ನು ಚುರುಕಾಗಿ ಮುಗಿಸುವ ದಾರಿ ಇಲ್ಲದಿಲ್ಲ. ಮದ್ದೂರು ವಡೆಯ ಹುಟ್ಟಿನ ಬಗ್ಗೆ ಒಂದು ಕಥೆಯನ್ನು ನಮ್ಮ ಊರಿನವರು ಹೇಳುತ್ತಾರೆ. 1917ರ ಸುಮಾರಿನಲ್ಲಿ ಇಲ್ಲಿಯ ರೈಲು ನಿಲ್ದಾಣದಲ್ಲಿ ಫಲಾಹಾರ ಮಾರುತ್ತಿದ್ದ ರಾಮಚಂದ್ರ ಬುಧ್ಯರು, ಗಾಡಿ ಬರುವ ಹೊತ್ತಿಗೆ ದಪ್ಪ ಉಂಡೆಗಳನ್ನು ಕರಿದು ಮುಗಿಸಲಾಗದೆ, ಹಿಟ್ಟನ್ನು ಅಂಗೈಯಲ್ಲಿ ತಟ್ಟಿ ಚಪ್ಪಟೆ ಮಾಡಿ ಎಣ್ಣೆಗೆ ಬಿಟ್ಟರಂತೆ. ಕಥೆ ಎಷ್ಟು ನಿಜವೋ, ಅದರ ಹಿಂದಿನ ವಿಜ್ಞಾನವಂತೂ ನಿಜ: ಚಪ್ಪಟೆಯಾದ ಹಿಟ್ಟಿನ ನಡುವಿಗೆ ಶಾಖ ಬೇಗ ತಲಪುತ್ತದೆ. ಬಾಣಲೆ ಅದೇ, ಒಲೆ ಅದೇ, ರೈಲು ಮಾತ್ರ ತಪ್ಪಲಿಲ್ಲ. ಲಿಥಿಯಂ ಎಂಬ ಮಾಡ್ ಮಾಡುವುದು ಇದನ್ನೇ. ಆಟದ ನಿಯಮಗಳಲ್ಲಿ ಒಂದನ್ನೂ ಬದಲಿಸದೆ ಟಿಕ್ಕಿನ ಲೆಕ್ಕಗಳನ್ನು ಹತ್ತಿರದ ದಾರಿಯಿಂದ ಮಾಡಿ ಮುಗಿಸುತ್ತದೆ. ಚಿತ್ರಭಾಗಕ್ಕೆ ಸೋಡಿಯಂ ಎಂಬುದು ಹಾಗೆಯೇ. ರಸಾಯನಶಾಸ್ತ್ರದ ಹೆಸರುಗಳ ಮೇಲೆ ಈ ಲೇಖಕರಿಗೇಕೋ ಮೋಹ.

ಇನ್ನು ಸ್ಮೃತಿಕೋಶದ ವಿಚಾರ. ಇಲ್ಲಿಯೇ ತಪ್ಪು ಕಲ್ಪನೆಗಳು ಹೆಚ್ಚು.

ಮೊದಲು, ಸ್ಮೃತಿಕೋಶವನ್ನು ತುಂಬುವುದು ಯಾವುದು? ವಿಶಾಲವಾದ ಲೋಕವೇ ಎಂದು ಎಲ್ಲರ ಊಹೆ. ಲೆಕ್ಕ ಹಾಕಿ ನೋಡೋಣ. ಆಟವು ನೆಲವನ್ನು ‘ಚಂಕ್’ ಎಂಬ ತುಂಡುಗಳಾಗಿ ವಿಭಾಗಿಸುತ್ತದೆ. ಒಂದು ಚಂಕ್ 16 ಕಲ್ಲು ಉದ್ದ, 16 ಕಲ್ಲು ಅಗಲ. 2021ರ ಕೊನೆಯಲ್ಲಿ ಬಂದ ಆವೃತ್ತಿಯಿಂದ ಮುಂದೆ ಎತ್ತರ 384 ಕಲ್ಲು. ಗುಣಿಸಿದರೆ 98,304 ಕಲ್ಲುಗಳು. ಆಟಗಾರನ ಸುತ್ತ ಹನ್ನೆರಡು ಚಂಕ್‌ಗಳ ದೂರ ಕಾಣಬೇಕೆಂದರೆ ಉದ್ದಕ್ಕೆ 25, ಅಗಲಕ್ಕೆ 25, ಒಟ್ಟು 625 ಚಂಕ್‌ಗಳು. ಆರು ಕೋಟಿ ಹದಿನಾಲ್ಕು ಲಕ್ಷ ನಲವತ್ತು ಸಾವಿರ ಕಲ್ಲುಗಳು! ಆದರೆ ಆಟ ಅಷ್ಟೇನೂ ದಡ್ಡನಲ್ಲ. 4,096 ಕಲ್ಲುಗಳ ಒಂದೊಂದು ಗುಂಪಿಗೂ ಅದರಲ್ಲಿರುವ ಜಾತಿಗಳ ಚಿಕ್ಕ ಪಟ್ಟಿಯೊಂದನ್ನು ಬರೆದಿಟ್ಟು, ಪ್ರತಿ ಕಲ್ಲಿಗೂ ಆ ಪಟ್ಟಿಯ ಕ್ರಮಸಂಖ್ಯೆಯನ್ನು ಮಾತ್ರ ನೆನಪಿಡುತ್ತದೆ. ಪಟ್ಟಿಯಲ್ಲಿ ಹದಿನಾರು ಜಾತಿಗಳಿದ್ದರೆ ಕಲ್ಲೊಂದಕ್ಕೆ ನಾಲ್ಕು ಬಿಟ್‌ಗಳು ಸಾಕು. ಆ ಲೆಕ್ಕದಲ್ಲಿ ಇಡೀ ಆರು ಕೋಟಿ ಕಲ್ಲುಗಳಿಗೆ ಬೇಕಾದುದು ಸುಮಾರು 31 ಮೆಗಾಬೈಟ್. ಎಂಟು ಗಿಗಾಬೈಟಿನ ಗಣಕದಲ್ಲಿ ಅದು ಲೆಕ್ಕಕ್ಕೇ ಬಾರದು.

ಹಾಗಾದರೆ ಗಿಗಾಬೈಟುಗಳು ಹೋಗುವುದೆಲ್ಲಿಗೆ? ಇಲ್ಲಿ ಒಂದು ಸ್ವಾರಸ್ಯವಿದೆ. ಆಟದಲ್ಲಿ ಒಂದು ಬೇಲಿಯ ಕಂಬವನ್ನು ತೆಗೆದುಕೊಳ್ಳಿ. ಅದು ನಾಲ್ಕು ದಿಕ್ಕುಗಳಲ್ಲಿಯೂ ನೆರೆಯ ಕಂಬಕ್ಕೆ ಕೂಡಿರಬಹುದು, ಕೂಡದಿರಬಹುದು. ನೀರಿನೊಳಗೆ ಇರಬಹುದು, ಇಲ್ಲದಿರಬಹುದು. ಐದು ಪ್ರಶ್ನೆಗಳು, ಒಂದೊಂದಕ್ಕೂ ಎರಡು ಉತ್ತರಗಳು: ಒಟ್ಟು 32 ಸ್ಥಿತಿಗಳು. ಕಲ್ಲಿನ ಗೋಡೆಯಾದರೆ ಪ್ರತಿ ದಿಕ್ಕಿಗೂ ಮೂರು ಉತ್ತರಗಳು, ಮೇಲೆ ಕಂಬವುಂಟೇ ನೀರುಂಟೇ ಎಂಬ ಎರಡು ಪ್ರಶ್ನೆಗಳು ಬೇರೆ. ಒಟ್ಟು 324 ಸ್ಥಿತಿಗಳು. ಶಕ್ತಿಯನ್ನು ಒಯ್ಯುವ ರೆಡ್‌ಸ್ಟೋನ್ ತಂತಿಗೆ 1,296. ಇವೆಲ್ಲವನ್ನೂ ಆಟವು ಪ್ರಾರಂಭದಲ್ಲಿಯೇ ಸಿದ್ಧಪಡಿಸಿ ಇಟ್ಟುಕೊಳ್ಳುತ್ತದೆ, ಲೋಕದಲ್ಲಿ ಅಂತಹ ಗೋಡೆ ಒಂದಾದರೂ ಇರಲಿ, ಇಲ್ಲದಿರಲಿ. ನೂರು ಬಗೆಯ ಶಿಲೆಗಳಿಗೆ ಗೋಡೆಗಳನ್ನು ಒದಗಿಸುವ ಮಾಡ್ ಒಂದನ್ನು ಸೇರಿಸಿದರೆ 32,400 ಸ್ಥಿತಿಗಳು ಒಮ್ಮೆಗೇ ಬಂದು ಕೂರುತ್ತವೆ. ಅವುಗಳ ಆಕಾರ, ಅವುಗಳ ಮೈಯ ಬಣ್ಣದ ಚಿತ್ರ, ಅವನ್ನು ತಯಾರಿಸುವ ವಿಧಾನ, ಎಲ್ಲವೂ ಹಿಂದೆಯೇ ಬರುತ್ತವೆ. ಒಂದನ್ನೊಂದು ಹೋಲುವ ಸ್ಥಿತಿಗಳ ವಿವರಗಳನ್ನು ಮತ್ತೆ ಮತ್ತೆ ಬರೆಯದೆ ಒಮ್ಮೆ ಬರೆದು ಹಂಚಿಕೊಳ್ಳುವ ಉಪಾಯವನ್ನು ಫೆರೈಟ್‌ಕೋರ್ ಎಂಬ ಮಾಡ್ ಅನುಸರಿಸುತ್ತದೆ. ಸ್ಮೃತಿಕೋಶದ ಅಭಾವವಿರುವವರು ಮೊದಲು ಸೇರಿಸಬೇಕಾದುದು ಇದನ್ನೆಂದು ನಮ್ಮ ಅಭಿಪ್ರಾಯ.

ಸ್ಥಿರವಾದ ಈ ಹೊರೆಯ ಮೇಲೆ ಕ್ಷಣಿಕವಾದ ಇನ್ನೊಂದು ಹೊರೆಯುಂಟು. ಈ ಆಟ ಬರೆಯಲ್ಪಟ್ಟಿರುವುದು ಜಾವಾ ಭಾಷೆಯಲ್ಲಿ. ಜೇಮ್ಸ್ ಗಾಸ್ಲಿಂಗ್ ಮತ್ತು ಅವರ ಸಂಗಡಿಗರು ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ರೂಪಿಸಿದ ಆ ಭಾಷೆ 1995ರಲ್ಲಿ ಪ್ರಕಟವಾಯಿತು. ಅದರಲ್ಲಿ ಬರೆಯುವವನು ಸ್ಮೃತಿಕೋಶದಲ್ಲಿ ಜಾಗ ಕೇಳುತ್ತಾನೆಯೇ ಹೊರತು ಕೆಲಸ ಮುಗಿದ ಮೇಲೆ ಹಿಂದಿರುಗಿಸುವ ಗೋಜಿಗೆ ಹೋಗುವುದಿಲ್ಲ. ಉಪಯೋಗ ತೀರಿದುದನ್ನು ಗುಡಿಸಿ ತೆಗೆಯಲು ಯಂತ್ರದಲ್ಲಿಯೇ ಒಂದು ವ್ಯವಸ್ಥೆಯಿದೆ; ಗಾರ್ಬೇಜ್ ಕಲೆಕ್ಷನ್, ಅಂದರೆ ಕಸ ಗುಡಿಸುವಿಕೆ ಎಂದೇ ಅದರ ಹೆಸರು. ಅಮೆರಿಕದ ಜಾನ್ ಮೆಕಾರ್ಥಿ ಲಿಸ್ಪ್ ಭಾಷೆಗಾಗಿ 1960ರ ಸುಮಾರಿನಲ್ಲಿ ಕಂಡುಕೊಂಡ ಉಪಾಯವದು. ಬಳಕೆಯಲ್ಲಿರುವ ವಸ್ತುಗಳಿಗೆ ಒಂದರಿಂದೊಂದಕ್ಕೆ ಕೊಂಡಿಗಳಿರುತ್ತವೆ. ಆ ಕೊಂಡಿಗಳನ್ನು ಹಿಡಿದು ಹೋಗಿ ತಲಪಲಾಗುವುದೆಲ್ಲ ಬೇಕಾದುದು, ತಲಪಲಾಗದುದೆಲ್ಲ ಕಸ.

ಮದುವೆಯ ಮನೆಯ ಪಂಕ್ತಿಭೋಜನವನ್ನು ನೆನೆದರೆ ಮುಂದಿನದು ಸುಲಭವಾಗಿ ತಿಳಿಯುತ್ತದೆ. ಒಂದು ಪಂಕ್ತಿ ಎದ್ದೊಡನೆ ಎಲೆಗಳನ್ನೆಲ್ಲ ಎತ್ತಿ ನೆಲ ಒರೆಸಿ ಮುಂದಿನ ಪಂಕ್ತಿಗೆ ಹೊಸ ಎಲೆ ಹಾಕುತ್ತಾರೆ. ಹಂಡೆ ಕೊಳದಪ್ಪಲೆಗಳನ್ನು ಯಾರೂ ಪ್ರತಿ ಪಂಕ್ತಿಗೂ ಹೊರಗೆ ಸಾಗಿಸುವುದಿಲ್ಲ. ಅವು ಮದುವೆ ಮುಗಿಯುವವರೆಗೂ ಇರತಕ್ಕವು. ಗಣಕದ ವಸ್ತುಗಳೂ ಹೀಗೆಯೇ: ಬಹುಪಾಲು ಹುಟ್ಟಿದೊಡನೆ ಸಾಯುತ್ತವೆ, ಉಳಿದ ಕೆಲವು ಬಹುಕಾಲ ಬಾಳುತ್ತವೆ. ಈ ಭೇದವನ್ನು ಬಳಸಿ ಎಲೆಗಳನ್ನು ಆಗಾಗ್ಗೆ, ಹಂಡೆಗಳನ್ನು ಅಪರೂಪಕ್ಕೆ ಪರೀಕ್ಷಿಸುವ ಕ್ರಮವನ್ನು ಡೇವಿಡ್ ಉಂಗರ್ 1984ರಲ್ಲಿ ವಿವರಿಸಿದರು. ಎಲೆ ಎತ್ತುವಾಗ ಬಡಿಸುವುದು ನಿಲ್ಲುತ್ತದೆ, ಆಟವೂ ನಿಲ್ಲುತ್ತದೆ. ಆ ನಿಲುಗಡೆ ಕೆಲವೇ ಮಿಲಿಸೆಕೆಂಡುಗಳಾದರೆ ಗೊತ್ತಾಗದು. ನೂರಾರು ಮಿಲಿಸೆಕೆಂಡುಗಳಾದರೆ ಕಣ್ಣಿಗೆ ಹೊಡೆಯುತ್ತದೆ.

ಆಟದಲ್ಲಿ ಎಫ್3 ಕೀಲಿಯನ್ನು ಒತ್ತಿದರೆ ಸ್ಮೃತಿಕೋಶ ಶೇಕಡ ಎಷ್ಟು ತುಂಬಿದೆಯೆಂಬುದು ತೆರೆಯ ಮೇಲೆ ಬರುತ್ತದೆ. ಆ ಅಂಕೆ ಏರುತ್ತ ಏರುತ್ತ ಹೋಗಿ ಒಮ್ಮೆಗೇ ಇಳಿಯುತ್ತದೆ, ಮತ್ತೆ ಏರುತ್ತದೆ. ಗೆರೆ ಎಳೆದರೆ ಗರಗಸದ ಹಲ್ಲುಗಳಂತೆ ಕಂಡೀತು. ಶೇಕಡ 90 ಆಯಿತೆಂದು ಗಾಬರಿಪಡುವುದು ತರವಲ್ಲ. ತುಂಬುವುದೇ ಅದರ ಧರ್ಮ. ನೋಡಬೇಕಾದುದು ಹಲ್ಲಿನ ತುದಿಯನ್ನಲ್ಲ, ಬುಡವನ್ನು. ಗುಡಿಸಿದ ಮೇಲೂ ಉಳಿಯುವುದು ಹಂಡೆಗಳ ಮೊತ್ತ, ಅಂದರೆ ಆಟಕ್ಕೆ ನಿಜವಾಗಿ ಬೇಕಾದ ಜಾಗ. ಆ ಬುಡ 3 ಗಿಗಾಬೈಟ್, ನಾವು ಕೊಟ್ಟ ಮಿತಿ 4 ಗಿಗಾಬೈಟ್, ಕಸ ಸೆಕೆಂಡಿಗೆ ಕಾಲು ಗಿಗಾಬೈಟಿನಂತೆ ಬೀಳುತ್ತಿದೆ ಎಂದಿಟ್ಟುಕೊಳ್ಳಿ. ನಡುವಿನ ಒಂದು ಗಿಗಾಬೈಟ್ 4 ಸೆಕೆಂಡುಗಳಲ್ಲಿ ತುಂಬುತ್ತದೆ. ಮಿತಿಯನ್ನು ಆರಕ್ಕೆ ಏರಿಸಿದರೆ 12 ಸೆಕೆಂಡುಗಳಿಗೊಮ್ಮೆ ಗುಡಿಸಿದರೆ ಸಾಕು. ಮಿತಿ ಬುಡಕ್ಕೆ ತಗುಲುವಂತಿದ್ದರೆ ಯಂತ್ರಕ್ಕೆ ಗುಡಿಸುವುದೇ ಉದ್ಯೋಗವಾಗುತ್ತದೆ, ಕೊನೆಗೆ ಜಾಗವಿಲ್ಲವೆಂದು ಹೇಳಿ ಆಟ ಮುಚ್ಚಿಕೊಳ್ಳುತ್ತದೆ. ಆಟವನ್ನು ತೆರೆಯುವ ತಂತ್ರಾಂಶವು ಬಹುಕಾಲ ತಾನಾಗಿ ಕೊಡುತ್ತಿದ್ದ ಮಿತಿ 2 ಗಿಗಾಬೈಟ್. ಇನ್ನೂರು ಮಾಡ್‌ಗಳಿಗೆ ಅದು ಸಾಲದು. ಆ ಮಟ್ಟಿಗೆ ಮೊದಲನೆಯ ಔಷಧ ಸರಿಯೇ.

ಆದರೆ ಎಂಟು ಗಿಗಾಬೈಟಿನ ಗಣಕದಲ್ಲಿ ಏಳನ್ನು ಆಟಕ್ಕೇ ಕೊಟ್ಟರೆ ಏನಾಗುತ್ತದೆ? ವಿಂಡೋಸ್ ಮೊದಲಾದ ಮೂಲವ್ಯವಸ್ಥೆಗೆ ಎರಡು ಮೂರು ಗಿಗಾಬೈಟ್ ಬೇಕು. ಜಾವಾ ತನ್ನ ಸ್ವಂತ ವ್ಯವಹಾರಕ್ಕೆ ಆ ಏಳರ ಹೊರಗೆ ಇನ್ನಷ್ಟು ಬಳಸುತ್ತದೆ. ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಚಿತ್ರ ಬರೆಯುವ ಭಾಗಕ್ಕೂ ಇದೇ ಕೋಶದಿಂದ ಪಾಲು ಹೋಗಬೇಕು. ಮೊತ್ತ ಎಂಟನ್ನು ಮೀರಿದೊಡನೆ ಮೂಲವ್ಯವಸ್ಥೆ ಕೆಲವು ಪುಟಗಳನ್ನು ಡಿಸ್ಕಿಗೆ ಸಾಗಿಸುತ್ತದೆ. ಸ್ಮೃತಿಕೋಶದಿಂದ ಒಂದು ಅಂಶವನ್ನು ತರಲು ಹಿಡಿಯುವ ಕಾಲ ಒಂದು ಸೆಕೆಂಡಿನ ಕೋಟಿಯಲ್ಲೊಂದು ಭಾಗದಷ್ಟು. ಹೊಸ ಬಗೆಯ ಘನಸ್ಥಿತಿ ಡಿಸ್ಕಿನಿಂದ ತರಲು ಅದರ ಸಾವಿರದಷ್ಟು. ತಿರುಗುವ ಹಳೆಯ ಡಿಸ್ಕಿನಿಂದಾದರೆ ಸುಮಾರು ಲಕ್ಷದಷ್ಟು. ಸ್ಮೃತಿಕೋಶದ ಕೆಲಸಕ್ಕೆ ಒಂದು ಸೆಕೆಂಡ್ ಹಿಡಿಯುತ್ತದೆಂದು ಭಾವಿಸಿದರೆ, ಮೊದಲನೆಯದಕ್ಕೆ ಹದಿನೇಳು ನಿಮಿಷ, ಎರಡನೆಯದಕ್ಕೆ ಒಂದು ದಿನಕ್ಕಿಂತಲೂ ಹೆಚ್ಚು. ಹಂಡೆಗಳನ್ನು ಪರೀಕ್ಷಿಸುವ ದೊಡ್ಡ ಗುಡಿಸುವಿಕೆಯಂತೂ ಬಳಕೆಯಲ್ಲಿರುವ ಪ್ರತಿಯೊಂದು ವಸ್ತುವನ್ನೂ ಮುಟ್ಟಬೇಕು. ಡಿಸ್ಕಿಗೆ ಸಾಗಿಸಿದ್ದನ್ನೆಲ್ಲ ಮತ್ತೆ ಒಳಗೆ ತರಬೇಕು. ಔಷಧ ವಿಷವಾಗುವುದು ಹೀಗೆ.

ಇಂತಹ ಗಣಕವೊಂದನ್ನು ಈಚೆಗೆ ನಾವು ಪರಿಶೀಲಿಸಿದೆವು. ಎಂಟು ಗಿಗಾಬೈಟ್, ಇನ್ನೂರರ ಸುಮಾರು ಮಾಡ್‌ಗಳು, ಆಟಕ್ಕೆ ಏಳು ಗಿಗಾಬೈಟಿನ ಮಿತಿ. ಅಂಗಡಿಯವರು ಹೊಸತನ್ನೇ ಕೊಳ್ಳಿರೆಂದು ಹೇಳಿ ಕಳುಹಿಸಿದ್ದರು. ಆಟ ಕೆಲವು ವೇಳೆ ಐದಾರು ಸೆಕೆಂಡುಗಳ ಕಾಲ ನಿಂತುಹೋಗುತ್ತಿತ್ತು, ಆಗೆಲ್ಲ ಡಿಸ್ಕಿನ ದೀಪ ಎಡೆಬಿಡದೆ ಉರಿಯುತ್ತಿತ್ತು. ಹಲ್ಲಿನ ಬುಡ ಮೂರು ಗಿಗಾಬೈಟಿಗೆ ಸಮೀಪವಿದ್ದುದನ್ನು ನೋಡಿ ಮಿತಿಯನ್ನು ಐದಕ್ಕೆ ಇಳಿಸಿ, ಹಿಂದೆ ತೆರೆದಿದ್ದ ಬ್ರೌಸರನ್ನು ಮುಚ್ಚಿಸಿದೆವು. ದೀರ್ಘವಾದ ನಿಲುಗಡೆಗಳು ಮಾಯವಾದುವು. ಲೋಕ ಮಾತ್ರ ಇನ್ನೂ ಎಳೆದಾಡುತ್ತಿತ್ತು. ಕೈಗಡಿಯಾರದಲ್ಲಿ ಅಳೆದರೆ ದಿನಕ್ಕೆ 32 ನಿಮಿಷಗಳು: ಟಿಕ್ಕಿಗೆ 80 ಮಿಲಿಸೆಕೆಂಡುಗಳು. ಅದು ಬೇರೆಯೇ ರೋಗ. ಸ್ಮೃತಿಕೋಶಕ್ಕೂ ಅದಕ್ಕೂ ಸಂಬಂಧವಿರಲಿಲ್ಲ.

ಅದರ ಮೂಲವನ್ನು ಅರಸಲು ಸ್ಪಾರ್ಕ್ ಎಂಬ ಮಾಡ್ ಇದೆ. ಟಿಕ್ಕಿನ ಕಾಲದಲ್ಲಿ ಯಾವ ಕಾರ್ಯಕ್ಕೆ ಎಷ್ಟು ಪಾಲು ಹೋಯಿತೆಂಬುದನ್ನು ಅದು ಪಟ್ಟಿ ಮಾಡಿ ಕೊಡುತ್ತದೆ. ಪಟ್ಟಿಯ ತಲೆಯಲ್ಲಿದ್ದುದು ಯಾವ ಮಾಡೂ ಅಲ್ಲ, ಕೋಳಿಗಳು! ಮೊಟ್ಟೆಗಾಗಿ ಹುಡುಗನು ಕಟ್ಟಿದ ಕೋಳಿಗೂಡಿನಲ್ಲಿ ಅವು ನೂರಾರಾಗಿ ಬೆಳೆದಿದ್ದವು. ಒತ್ತೊತ್ತಾಗಿ ನಿಂತ ಪ್ರಾಣಿಗಳು ಒಂದನ್ನೊಂದು ತಳ್ಳುವುದನ್ನು ಆಟ ಜೋಡಿ ಜೋಡಿಯಾಗಿ ಲೆಕ್ಕ ಹಾಕಬೇಕು. 24 ಪ್ರಾಣಿಗಳ ಗುಂಪಿನಲ್ಲಿ 276 ಜೋಡಿಗಳಿವೆ, 48ರಲ್ಲಿ 1,128. ಪ್ರಾಣಿಗಳು ಇಮ್ಮಡಿಯಾದರೆ ಕೆಲಸ ನಾಲ್ಮಡಿಗೂ ಮೀರುತ್ತದೆ. ಮುಕ್ಕಾಲುಪಾಲು ಕೋಳಿಗಳನ್ನು ಕಳೆದ ಮೇಲೆ ದಿನವು ಮತ್ತೆ 20 ನಿಮಿಷಗಳಿಗೆ ಬಂದಿತು. ಹೊಸ ಗಣಕ ಬೇಕಾಗಲಿಲ್ಲ.

ಎಲ್ಲ ಸಂದರ್ಭಗಳೂ ಇಷ್ಟು ಸುಲಭವಲ್ಲ. ಪಟ್ಟಿಯಿಂದ ಅಪರಾಧಿ ಗೊತ್ತಾಗದಿದ್ದರೆ ಅರ್ಧಿಸುವ ವಿಧಾನವನ್ನು ಹಿಡಿಯಬೇಕು. ಮಾಡ್‌ಗಳಲ್ಲಿ ಅರ್ಧವನ್ನು ಹೊರಗಿಟ್ಟು ಆಡಿ ನೋಡಿ. ದೋಷ ಉಳಿದರೆ ಅದು ಒಳಗಿರುವ ಅರ್ಧದಲ್ಲಿದೆ, ಇಲ್ಲವಾದರೆ ಹೊರಗಿಟ್ಟುದರಲ್ಲಿದೆ. ದೋಷವಿರುವ ಅರ್ಧವನ್ನು ಮತ್ತೆ ಅರ್ಧಿಸಿ. ಎರಡರ ಎಂಟನೆಯ ಘಾತ 256 ಆದುದರಿಂದ ಇನ್ನೂರರಲ್ಲಿ ಒಂದನ್ನು ಹಿಡಿಯಲು ಎಂಟು ಪ್ರಯೋಗಗಳು ಸಾಕು. ಒಂದೊಂದಾಗಿ ತೆಗೆಯುತ್ತ ಹೋದರೆ ರಜವೇ ಮುಗಿದೀತು. ಒಂದನ್ನಾಶ್ರಯಿಸಿ ಮತ್ತೊಂದು ನಿಂತಿರುವ ಮಾಡ್‌ಗಳನ್ನು ಒಟ್ಟಿಗೇ ಇಡಬೇಕು, ಒಟ್ಟಿಗೇ ತೆಗೆಯಬೇಕು. ಇದಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದಿದೆ: ಒಂದು ಮಾಡನ್ನು ತೆಗೆದು ಲೋಕವನ್ನು ತೆರೆದರೆ ಆ ಮಾಡ್ ತಂದಿದ್ದ ಕಲ್ಲುಗಳೂ ಯಂತ್ರಗಳೂ ಲೋಕದಿಂದ ಅಳಿಸಿಹೋಗುತ್ತವೆ, ಮಾಡನ್ನು ಹಿಂದಕ್ಕೆ ಹಾಕಿದರೂ ಅವು ಬರುವುದಿಲ್ಲ. ತಿಂಗಳುಗಟ್ಟಲೆ ಕಟ್ಟಿದ ಊರು ಒಂದು ಸಂಜೆಯ ಪರೀಕ್ಷೆಯಲ್ಲಿ ಹಾಳಾಗಬಾರದು. ಲೋಕದ ಕಡತವನ್ನು ಬೇರೆಡೆಗೆ ನಕಲು ಮಾಡಿಟ್ಟು, ಆ ನಕಲಿನ ಮೇಲೆಯೇ ಪ್ರಯೋಗ ನಡೆಸತಕ್ಕದ್ದು. ಒಂದು ಬಾರಿಗೆ ಒಂದನ್ನೇ ಬದಲಿಸತಕ್ಕದ್ದು ಎಂಬುದನ್ನು ಪ್ರಯೋಗಶಾಲೆ ಕಂಡವರಿಗೆ ಹೇಳಬೇಕಾಗಿಲ್ಲ.

ಜಾವಾಕ್ಕೆ ಕೊಡುವ ಉದ್ದುದ್ದ ಸೂಚನೆಗಳ ಸಾಲೊಂದನ್ನು ಎಲ್ಲಿಂದಲೋ ಎತ್ತಿ ಮಂತ್ರದಂತೆ ಅಂಟಿಸುವ ಪದ್ಧತಿಯೂ ಬಳಕೆಯಲ್ಲಿದೆ. ಅವುಗಳಲ್ಲಿ ಬಹುಪಾಲು ಹತ್ತಾರು ಮಂದಿ ಕೂಡಿ ಆಡುವ ದೊಡ್ಡ ಗಣಕಗಳಿಗೆಂದು ಬರೆದವು. ಅರ್ಥವಾಗದ ಸೂಚನೆಯನ್ನು ಕೊಡದಿರುವುದೇ ಲೇಸು. ತಿಳಿಯಬೇಕಾದ ಭೇದ ಒಂದೇ. 2017ರ ಜಾವಾ 9ರಿಂದ ಸಾಧಾರಣವಾಗಿ ಬಳಕೆಯಾಗುವ ಜಿ1 ಎಂಬ ಗುಡಿಸುವ ಕ್ರಮ, ಒಂದು ನಿಲುಗಡೆ 200 ಮಿಲಿಸೆಕೆಂಡುಗಳನ್ನು ಮೀರದಿರಲಿ ಎಂಬ ಗುರಿಯಿಟ್ಟುಕೊಂಡಿದೆ. ಅದು ನಾಲ್ಕು ಟಿಕ್ಕುಗಳಷ್ಟು. ಝಡ್‌ಜಿಸಿ ಎಂಬ ಇನ್ನೊಂದು ಕ್ರಮ ಆಟ ನಡೆಯುತ್ತಿರುವಾಗಲೇ ಬದಿಯಲ್ಲಿ ಗುಡಿಸುತ್ತದೆ, ನಿಲುಗಡೆ ಒಂದು ಮಿಲಿಸೆಕೆಂಡಿಗೂ ಕಡಮೆ. ಎಲೆ-ಹಂಡೆಗಳ ಭೇದ ಅದಕ್ಕೆ ಸೇರಿದುದು 2023ರ ಜಾವಾ 21ರಲ್ಲಿ. ಆದರೆ ಅದಕ್ಕೆ ಜಾಗವೂ ಹೆಚ್ಚು, ಬಿಡುವಾದ ತಿರುಳುಗಳೂ ಬೇಕು. ಎಂಟು ಗಿಗಾಬೈಟಿನ ಬಡಗಣಕದಲ್ಲಿ ಅದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚಾದೀತು.

ಶಾಖದ ಮಾತನ್ನು ಬಿಟ್ಟರೆ ನಮ್ಮ ಶಾಸ್ತ್ರಕ್ಕೆ ಅಪಚಾರ. ಪ್ರೊಸೆಸರ್ ನೂರು ಡಿಗ್ರಿಯ ಸಮೀಪಕ್ಕೆ ಕಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗವನ್ನು ತಗ್ಗಿಸುತ್ತದೆ. ಆಟ ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಕುಂಟತೊಡಗಿದರೆ ಇದನ್ನು ನೆನೆಯಿರಿ. ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಆಡಿದರೆ ಗಾಳಿ ಎಳೆಯುವ ಕಂಡಿಗಳು ಹತ್ತಿಯಲ್ಲಿ ಹೂತುಹೋಗುತ್ತವೆ. ಮೇಜಿನ ಮೇಲೆ, ಹಿಂಭಾಗಕ್ಕೆ ಎರಡು ತೆಳು ಪುಸ್ತಕಗಳ ಆಸರೆ ಕೊಟ್ಟು ಇಡುವುದು ಕಾಸು ಖರ್ಚಿಲ್ಲದ ಚಿಕಿತ್ಸೆ.

ಇಷ್ಟಾದರೂ ಸಾಲದೆ ಹಣ ಖರ್ಚು ಮಾಡಲೇಬೇಕಾದರೆ, ಸ್ಮೃತಿಕೋಶದ ಇನ್ನೊಂದು ಪಟ್ಟಿಯನ್ನು ಕೂಡಿಸಲು ಒಳಗೆ ಖಾಲಿ ಗೂಡುಂಟೇ ಎಂದು ಮೊದಲು ನೋಡಿಸಬೇಕು. ಕೆಲವು ಲ್ಯಾಪ್‌ಟಾಪುಗಳಲ್ಲಿ ಅದನ್ನು ಬೆಸೆದುಬಿಟ್ಟಿರುತ್ತಾರೆ. ಗೂಡಿದ್ದರೆ ಅದರ ಬೆಲೆ ಹೊಸ ಗಣಕದ ಬೆಲೆಯ ಒಂದು ಚಿಕ್ಕ ಪಾಲು. ಎರಡು ಪಟ್ಟಿಗಳು ಜೊತೆಯಾಗಿ ಕೆಲಸ ಮಾಡುವಾಗ ಚಿತ್ರಭಾಗಕ್ಕೂ ಎರಡು ದಾರಿಗಳಿಂದ ಅಂಶಗಳು ಬರುವುದರಿಂದ ದೃಶ್ಯವೂ ಸುಧಾರಿಸುವುದುಂಟು.

ಕೊನೆಯದಾಗಿ, ಯಾವ ಮಿತಿಗೂ ಮಣಿಯದ ಒಂದು ದೋಷವಿದೆ. ಗರಗಸದ ಹಲ್ಲಿನ ಬುಡ ಒಂದೇ ಮಟ್ಟದಲ್ಲಿ ನಿಲ್ಲದೆ, ಗಂಟೆ ಕಳೆದಂತೆ ಮೇಲೆ ಮೇಲೆ ಸರಿಯುತ್ತ ಹೋಗುತ್ತದೆ. ಯಾವುದೋ ಮಾಡ್ ಕೆಲಸ ತೀರಿದ ವಸ್ತುಗಳ ಕೊಂಡಿಯನ್ನು ಬಿಡದೆ ಹಿಡಿದುಕೊಂಡಿದೆ ಎಂದು ಇದರ ಅರ್ಥ. ಕೊಂಡಿ ಇರುವವರೆಗೆ ಗುಡಿಸುವ ವ್ಯವಸ್ಥೆ ಅದನ್ನು ಕಸವೆಂದು ಭಾವಿಸಲಾರದು. ಮಿತಿಯನ್ನು ಹೆಚ್ಚಿಸಿದರೆ ಕುಸಿತ ಎರಡು ಗಂಟೆಯ ಬದಲು ನಾಲ್ಕು ಗಂಟೆಗೆ ಆದೀತು, ಅಷ್ಟೆ. ಇದನ್ನು ಸರಿಪಡಿಸಬಲ್ಲವನು ಆ ಮಾಡನ್ನು ಬರೆದವನೊಬ್ಬನೇ. ಅವನಿಗೆ ಆಟದ ಆವೃತ್ತಿ, ಮಾಡ್‌ನ ಆವೃತ್ತಿ, ಜಾವಾದ ಆವೃತ್ತಿ, ಆಟ ಮುಚ್ಚಿಕೊಂಡಾಗ ತಾನೇ ಬರೆದಿಡುವ ವರದಿ, ಬುಡ ಯಾವ ಗಂಟೆಗೆ ಎಷ್ಟಿತ್ತೆಂಬ ನಾಲ್ಕೈದು ಅಳತೆಗಳು, ಇಷ್ಟನ್ನು ಕಳುಹಿಸಿದರೆ ಉಪಕಾರ. ‘ಲ್ಯಾಗ್ ಆಗುತ್ತಿದೆ’ ಎಂದಷ್ಟೇ ಬರೆದರೆ ಅವನಿಗೂ ಏನೂ ತಿಳಿಯದು. ಇವರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ ಸಂಜೆಯ ಬಿಡುವಿನಲ್ಲಿ ಈ ಕೆಲಸ ಮಾಡತಕ್ಕವರು, ಉತ್ತರ ಬರಲು ವಾರಗಳಾಗಬಹುದು. ಅಲ್ಲಿಯವರೆಗೆ, ಬುಡ ಮಿತಿಯ ಮುಕ್ಕಾಲನ್ನು ದಾಟಿದಾಗಲೆಲ್ಲ ಲೋಕವನ್ನು ಉಳಿಸಿ, ಆಟವನ್ನು ಪೂರ್ಣವಾಗಿ ಮುಚ್ಚಿ ಮತ್ತೆ ತೆರೆಯುವುದನ್ನು ಬಿಟ್ಟು ಬೇರೆ ಉಪಾಯವಿಲ್ಲ.